ಗಲ್ಲಾದ ಮೇಲೆ ಕೂತ ಪತ್ತೇದಾರ

ಭಾನುವಾರ ಮಧ್ಯಾಹ್ನ ಹನ್ನೆರಡಾಯಿತೆಂದರೆ ಕೋಲ್ಕತಾ ಪಕ್ಕದ ಬಾರಾನಗರದ ನಮ್ಮ ಗಲ್ಲಿಯಲ್ಲಿ ಕುಕ್ಕರುಗಳು ಒಂದಾದ ಮೇಲೊಂದು ಕೂಗತೊಡಗುತ್ತವೆ. ಒಳಗೆ ಬೇಯುತ್ತಿರುವುದು ಆಡಿನ ಮಾಂಸ, ಜೊತೆಗೆ ಅರ್ಧಕ್ಕೆ ಸೀಳಿದ ಆಲೂಗಡ್ಡೆ. ಎರಡಕ್ಕೆ ಊಟ, ಮೂರಕ್ಕೆ ಹಾಸಿಗೆ, ನಾಲ್ಕೂವರೆಗೆ ಚಹಾ. ಇವುಗಳ ನಡುವೆ ಎಲ್ಲಾದರೂ ಒಂದು ಕೊಲೆ. ಕೆಳಮನೆಯ ಹಿರಿಯರು, ನಾನು ಮೇಸೋಮಶಾಯ್ (ಚಿಕ್ಕಪ್ಪ) ಎನ್ನುವವರು, ದಿಂಬಿಗೆ ಒರಗಿ ಟೀವಿಯಲ್ಲಿ ಬಂಗಾಳಿ ಪತ್ತೇದಾರರಾದ ಫೆಲೂದಾನನ್ನೋ ಬ್ಯೋಮಕೇಶನನ್ನೋ ಹಾಕಿಕೊಳ್ಳುತ್ತಾರೆ. ಎಷ್ಟು ಸಲ ನೋಡಿದ ಚಿತ್ರವಾದರೂ ಸರಿ, ಅಪರಾಧಿ ಸಿಕ್ಕಿಬೀಳುವ ಎರಡು ನಿಮಿಷ ಮೊದಲು ಕೈಯೆತ್ತಿ ನನ್ನನ್ನು ಸುಮ್ಮನಿರಿಸುತ್ತಾರೆ.

ಊಟಕ್ಕೂ ಕೊಲೆಗೂ ಇರುವ ಈ ನಂಟನ್ನು ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1946ರಲ್ಲೇ ಗುರುತಿಸಿದ್ದ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಆತ ಇಂಗ್ಲಿಷ್ ಕೊಲೆಯ ಅವನತಿಯ ಬಗ್ಗೆ ಬರೆದ ಪ್ರಬಂಧ ಶುರುವಾಗುವುದೇ ಭಾನುವಾರದ ಭಾರೀ ಊಟದಿಂದ. ಹೊಟ್ಟೆ ತುಂಬಿದೆ, ಚಹಾ ಆಗಿದೆ, ಮೆತ್ತನೆಯ ಸೋಫಾ ಇದೆ, ಬೆಂಕಿ ಉರಿಯುತ್ತಿದೆ; ಈಗ ಓದಲು ಏನು ಬೇಕು? ಕೊಲೆಯ ಸುದ್ದಿ ಬೇಕು. ಆರ್ವೆಲ್ ಇದನ್ನು ವ್ಯಂಗ್ಯವಾಗಿ ಹೇಳಿದ. ಆದರೆ ಟೀವಿಯವರು ಈ ಸುಖವನ್ನು ತಮ್ಮ ವ್ಯಾಪಾರವಾಗಿಸಿಕೊಂಡರು. ಹಸಿರು ಹಳ್ಳಿ, ಹಳೇ ಚರ್ಚು, ಬೇಕರಿಯ ವಾಸನೆ, ನಡುವೆ ಒಂದು ಅಚ್ಚುಕಟ್ಟಾದ ಹೆಣ. ಪತ್ತೇದಾರನಿಗೆ ಅಡುಗೆಯ ಹುಚ್ಚೂ ಇದ್ದರೆ ಇನ್ನೂ ಒಳ್ಳೆಯದು.

ಇಂಥ ಧಾರಾವಾಹಿಗಳ ಬಗ್ಗೆ ಎಲ್ಲ ಕಡೆಯೂ ಒಂದೇ ಮಾತು ಕೇಳುತ್ತೇನೆ. ಇವು ಹಗುರ, ಇವುಗಳಲ್ಲಿ ರಕ್ತಕ್ಕೆ ಕೆಂಪಿಲ್ಲ, ಇಲ್ಲಿನ ಊಟ ಎಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿ. ಮಳೆ ಸುರಿಯುವ ಕತ್ತಲೆ ಊರು, ಕುಡುಕ ಇನ್ಸ್‌ಪೆಕ್ಟರು, ಛಿದ್ರವಾದ ಸಂಸಾರ ಇವೆಲ್ಲ ಇದ್ದರೆ ಅದು ಗಂಭೀರ. ಕೋಳಿ ಸಾಕಿ ಪೈ ಬೇಯಿಸುವ ಪೊಲೀಸಿನವನು ಬಂದರೆ ಅದು ಅಜ್ಜಿಯರ ಟೈಂಪಾಸು. ಮೇಸೋಮಶಾಯ್ ಇದನ್ನೇ ನಾಲ್ಕು ಮಾತಿನಲ್ಲಿ ಮುಗಿಸಿದರು: "ಓ ತೋ ಹಾಲ್ಕಾ ಜಿನಿಸ್." ಅದು ಹಗುರದ ಸರಕು ಕಣಯ್ಯಾ ಅಂತ.

ಸರಕು ಹಗುರವೇ ಇರಬಹುದು. ಆದರೆ ಅದನ್ನು ಯಾವ ತಕ್ಕಡಿಯಲ್ಲಿಟ್ಟು ತೂಗಿದರು ಎಂಬ ಬಗ್ಗೆ ನನಗೆ ತಕರಾರಿದೆ.

1994ರ ಮಾರ್ಚಿನಲ್ಲಿ ಬಿಬಿಸಿಯಲ್ಲಿ ಶುರುವಾಗಿ 1997ರ ಆಗಸ್ಟಿನಲ್ಲಿ ಮುಗಿದ 'ಪೈ ಇನ್ ದ ಸ್ಕೈ' ಈ ಜಾತಿಗೆ ಹಿರಿಯಣ್ಣ. ಐದು ಸರಣಿ, ನಲವತ್ತು ಕಂತು. ಕಲ್ಪಿಸಿದವರು ಆಂಡ್ರ್ಯೂ ಪೇನ್. ನಾಯಕ ಹೆನ್ರಿ ಕ್ರ್ಯಾಬ್ ಮಿಡಲ್‌ಟನ್ ಎಂಬ ಕಲ್ಪಿತ ಪಟ್ಟಣದ ಇನ್ಸ್‌ಪೆಕ್ಟರು. ಆ ಪಾತ್ರ ಮಾಡಿದವರು ರಿಚರ್ಡ್ ಗ್ರಿಫಿತ್ಸ್. ಮುಂದೆ ಇದೇ ಮನುಷ್ಯ ಹ್ಯಾರಿ ಪಾಟರನಿಗೆ ನೆಟ್ಟಗೆ ಊಟ ಹಾಕದ ದೊಡ್ಡಪ್ಪ ವರ್ನನ್ ಡರ್ಸ್ಲಿಯಾಗಿ ಜಗತ್ತಿಗೆಲ್ಲ ಪರಿಚಿತರಾದರು. ನಟನ ಹಣೆಬರಹದಲ್ಲಿ ಇಂಥ ತಮಾಷೆಗಳಿರುತ್ತವೆ. ಕ್ರ್ಯಾಬ್‌ಗೆ ಇಪ್ಪತ್ತೈದು ವರ್ಷದ ಸರ್ವೀಸು ಮುಗಿದಿದೆ. ಅವನಿಗೆ ಬೇಕಿರುವುದು ಒಂದೇ, ಪೊಲೀಸ್ ಕೆಲಸ ಬಿಟ್ಟು ತನ್ನ ಪುಟ್ಟ ಹೋಟೆಲಿನಲ್ಲಿ ಒಲೆಯ ಮುಂದೆ ನಿಲ್ಲುವುದು. ಅಲ್ಲಿನ ಹೆಸರಾಂತ ತಿನಿಸು ಮಾಂಸ ಮತ್ತು ಮೂತ್ರಪಿಂಡದ ಪೈ. ಪೈ ಅಂದರೆ ಹಿಟ್ಟಿನ ಹೊದಿಕೆಯೊಳಗೆ ಹೂರಣ ಮುಚ್ಚಿ ಬೇಯಿಸಿದ್ದು, ನಮ್ಮ ಕರಿಗಡುಬಿಗೆ ದೂರದ ನೆಂಟ, ಸಿಹಿಯ ಬದಲು ಮಾಂಸ.

ಅವನನ್ನು ಬಿಡದವನು ಮೇಲಧಿಕಾರಿ ಫ್ರೆಡ್ಡಿ ಫಿಶರ್. ಹಿಂದಿನ ಒಂದು ಕೇಸಿನಲ್ಲಿ ಕ್ರ್ಯಾಬ್ ಮೇಲೆ ಬಂದ ಲಂಚದ ಸುಳ್ಳು ಆರೋಪವನ್ನು ಫಿಶರ್ ತೊಲೆಗೆ ನೇತುಹಾಕಿದ ಕುಡುಗೋಲಿನ ಹಾಗೆ ಇಟ್ಟುಕೊಂಡಿದ್ದಾನೆ. ಕರೆದಾಗ ಬಾ, ಕೇಸು ಬಿಡಿಸು, ಹೆಸರು ನನಗೆ. ಬರದಿದ್ದರೆ ನಿನ್ನ ನಿವೃತ್ತಿ, ಪಿಂಚಣಿ, ಮಾನ ಎಲ್ಲದರ ಕಡತ ಮತ್ತೆ ಬಿಚ್ಚುತ್ತೇನೆ. ಹೀಗಾಗಿ ನಲವತ್ತು ಕಂತುಗಳ ಉದ್ದಕ್ಕೂ ಒಬ್ಬ ಮನುಷ್ಯ ಬಾಣಲೆಯನ್ನು ಒಲೆಯ ಮೇಲೆ ಬಿಟ್ಟು ಕೋಟು ಹಾಕಿಕೊಂಡು ಹೊರಡುತ್ತಲೇ ಇರುತ್ತಾನೆ.

ಈಗ ಹೇಳಿ, ಇದರಲ್ಲಿ ಅಪರಾಧ ಯಾವುದು? ವಾರಕ್ಕೊಂದು ಬರುವ ಕಳ್ಳತನ, ವಂಚನೆ, ಅಪರೂಪಕ್ಕೊಂದು ಕೊಲೆ ಇವೆಲ್ಲ ಐವತ್ತು ನಿಮಿಷದಲ್ಲಿ ಬಗೆಹರಿಯುತ್ತವೆ. ಬಗೆಹರಿಯದೆ ಉಳಿಯುವ ಅಪರಾಧ ಫಿಶರನದು. ಒಬ್ಬ ನೌಕರನ ಬಿಡುಗಡೆಯನ್ನು ಒತ್ತೆಯಿಟ್ಟುಕೊಂಡು ಅವನ ದುಡಿಮೆಯನ್ನು ಕದಿಯುವುದು. ಅದಕ್ಕೆ ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ, ಎಫ್ಐಆರೂ ಆಗುವುದಿಲ್ಲ. ಇದನ್ನು ಹಗುರ ಎನ್ನುವವರು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿಲ್ಲ ಅಥವಾ ಅಲ್ಲಿ ಮೇಲಧಿಕಾರಿಯಾಗಿಯೇ ಇದ್ದರು.

ಶೀರ್ಷಿಕೆಯನ್ನೇ ನೋಡಿ. 'ಆಕಾಶದಲ್ಲಿ ಪೈ' ಎಂಬ ನುಡಿಗಟ್ಟನ್ನು ಚಾಲ್ತಿಗೆ ತಂದವನು ಅಮೆರಿಕದ ಕಾರ್ಮಿಕ ಹೋರಾಟಗಾರ ಜೋ ಹಿಲ್. ಸ್ವೀಡನ್ನಿನಿಂದ ವಲಸೆ ಬಂದ ಕೂಲಿ ಆತ. ಹಸಿದ ಕೆಲಸಗಾರರಿಗೆ ಈಗ ಪ್ರಾರ್ಥನೆ ಮಾಡಿ, ಊಟ ಸ್ವರ್ಗದಲ್ಲಿ ಸಿಗುತ್ತದೆ ಎಂದು ಸಮಾಧಾನ ಹೇಳುತ್ತಿದ್ದ ಧರ್ಮಬೋಧಕರನ್ನು ಅಣಕಿಸಿ 1911ರ ಹೊತ್ತಿಗೆ ಕಟ್ಟಿದ ಹಾಡಿನಿಂದ ಅದು ಬಂತು. 1915ರಲ್ಲಿ ಯೂಟಾ ರಾಜ್ಯ ಕೊಲೆಯ ಆರೋಪದ ಮೇಲೆ ಅವನನ್ನು ಗುಂಡಿಟ್ಟು ಕೊಂದಿತು. ಆ ತೀರ್ಪಿನ ಬಗ್ಗೆ ಜಗಳ ಇಂದಿಗೂ ಮುಗಿದಿಲ್ಲ. ಹೋಟೆಲಿಗೆ ಹೆಸರಿಟ್ಟ ಕ್ರ್ಯಾಬ್‌ಗೆ ಇದೆಲ್ಲ ತಲೆಯಲ್ಲಿತ್ತೋ ಇಲ್ಲವೋ. ನಿವೃತ್ತಿ ಎಂಬ ಪೈಯನ್ನು ಮೇಲಿನವರು ಆಕಾಶದಲ್ಲೇ ತೋರಿಸುತ್ತ ಕೆಲಸ ತೆಗೆಯುವ ಕತೆಗೆ ಇದಕ್ಕಿಂತ ಸರಿಯಾದ ಹೆಸರು ಬೇರೊಂದು ನನಗೆ ಹೊಳೆಯುವುದಿಲ್ಲ.

ಬಾರಾನಗರದಲ್ಲಿ ಕೂತು ಇದನ್ನು ನೋಡುವಾಗ ಆ ಹೆಸರು ಇನ್ನಷ್ಟು ಚುಚ್ಚುತ್ತದೆ. 1859ರಲ್ಲಿ ಬೋರ್ನಿಯೋ ಕಂಪನಿ ಹಬೆಯಿಂದ ಓಡುವ ಸೆಣಬಿನ ಮಗ್ಗಗಳನ್ನು ಹೂಡಿದ್ದು ಈ ಊರಿನಲ್ಲಿ. ಕಮ್ಯುನಿಸ್ಟ್ ನಾಯಕ ಜ್ಯೋತಿ ಬಸು 1952ರಲ್ಲಿ ವಿಧಾನಸಭೆಗೆ ಗೆದ್ದು ಹೋದದ್ದೂ, 1972ರಲ್ಲಿ ಸೋತದ್ದೂ ಇದೇ ಕ್ಷೇತ್ರದಿಂದ. ಸಂಬಳ, ಬಾಕಿ, ಬೀಗಮುದ್ರೆ, ಗ್ರಾಚ್ಯುಟಿ ಎಂಬ ಮಾತುಗಳು ಇಲ್ಲಿನ ಚಹಾ ಅಂಗಡಿಗಳಲ್ಲಿ ಶುಂಠಿಯಷ್ಟೇ ಸಲೀಸಾಗಿ ಬೆರೆಯುತ್ತವೆ. ಊಟಕ್ಕೂ ಈ ಊರಿಗೂ ಇರುವ ಹಳೆಯ ಸಂಬಂಧವೂ ಅಷ್ಟೇನೂ ಕಾವ್ಯಮಯವಲ್ಲ. 1676ರಲ್ಲಿ ಇಲ್ಲಿಗೆ ಬಂದ ಈಸ್ಟ್ ಇಂಡಿಯಾ ಕಂಪನಿಯ ಸ್ಟ್ರೆನ್‌ಶಾಮ್ ಮಾಸ್ಟರ್, ಡಚ್ಚರು ವರ್ಷಕ್ಕೆ ಸುಮಾರು 3,000 ಹಂದಿಗಳನ್ನು ಕಡಿದು ಉಪ್ಪು ಹಾಕಿ ಹೊರಗೆ ಸಾಗಿಸುತ್ತಿದ್ದ ಕಾರ್ಖಾನೆಯೊಂದನ್ನು ಬರೆದಿಟ್ಟಿದ್ದಾನೆ. ಊರಿನ ಹೆಸರು ವರಾಹನಗರದಿಂದ ಬಂತು ಎನ್ನುವವರಿದ್ದಾರೆ. ವಿಷ್ಣುವಿನ ಅವತಾರದ ಹೆಸರು ಹೊತ್ತ ಊರಿನಲ್ಲಿ ಹಂದಿಯ ಉಪ್ಪುಮಾಂಸದ ಗೋದಾಮು! ಕುಠಿಘಾಟ್‌ನಲ್ಲಿ ಬೇಲೂರು ಮಠದ ಕಡೆಗೆ ಹೋಗುವ ಫೆರಿಗೆ ಕಾಯುವಾಗಲೆಲ್ಲ ಇದು ನೆನಪಾಗಿ ನಗು ಬರುತ್ತದೆ. ಊಟವೆಂದರೆ ಮೊದಲು ಕಡಿಯುವುದು, ಉಪ್ಪು ಹಾಕುವುದು, ತೂಗುವುದು, ಹೇರುವುದು. ರುಚಿಯ ಮಾತು ಆಮೇಲೆ.

ಹಾಗಾಗಿ ನಾನು ಪತ್ತೇದಾರರನ್ನು ಎರಡು ಪಂಕ್ತಿಯಲ್ಲಿ ಕೂರಿಸುತ್ತೇನೆ. ಒಂದು, ತಿನ್ನುವ ಪತ್ತೇದಾರರ ಪಂಕ್ತಿ. ಇನ್ನೊಂದು ಬೇಯಿಸುವವರದು. ವಿಮರ್ಶಕರು ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ 'ಆಹಾರಪ್ರಿಯ ಪತ್ತೇದಾರಿ' ಎಂದು ಹೆಸರಿಟ್ಟು ಕೈ ತೊಳೆದುಕೊಳ್ಳುತ್ತಾರೆ. ಎಡವಟ್ಟಾಗಿರುವುದು ಅಲ್ಲೇ.

ಬಂಗಾಳದವರು ತಿನ್ನುವ ಪತ್ತೇದಾರರಲ್ಲಿ ಶ್ರೀಮಂತರು. 1965ರಲ್ಲಿ 'ಸಂದೇಶ್' ಪತ್ರಿಕೆಯಲ್ಲಿ ಕಾಣಿಸಿಕೊಂಡ ಸತ್ಯಜಿತ್ ರಾಯ್ ಅವರ ಫೆಲೂದಾನಿಗೆ ನ್ಯೂ ಮಾರ್ಕೆಟ್ಟಿನ ದಾಲ್‌ಮುಟ್ ಎಂಬ ಖಾರದ ಕುರುಕಲು ಬೇಕು, ಚಹಾದ ಎಲೆ ಒಳ್ಳೆಯ ತೋಟದ್ದೇ ಆಗಬೇಕು. ಸುಚಿತ್ರಾ ಭಟ್ಟಾಚಾರ್ಯ ಅವರ ಮಿತಿನ್ ಮಾಸಿಯ ಕತೆಗಳಲ್ಲಿ ತಿಂಡಿಪೋತತನ ಗಂಡ ಪಾರ್ಥನ ಪಾಲಿಗೆ ಹೋಗಿದೆ, ಬುದ್ಧಿ ಹೆಂಡತಿಯ ಪಾಲಿಗೆ. ಈ ಹಂಚಿಕೆ ನನಗೆ ಇಷ್ಟ. ಸುಜನ್ ದಾಸ್‌ಗುಪ್ತ ಅವರ ಏಕೇನ್‌ಬಾಬು 2018ರಿಂದ ಹೊಯ್‌ಚೊಯ್ ಎಂಬ ಓಟಿಟಿ ವೇದಿಕೆಯಲ್ಲಿ, ಆಮೇಲೆ ಸಿನಿಮಾದಲ್ಲಿ ಮನೆಮಾತಾದ. ಬೋಳುತಲೆ, ಜಿಪುಣತನ, ಗಾದೆಗಳನ್ನು ತಿರುಚಿ ಹೇಳುವ ಚಾಳಿ, ತಟ್ಟೆ ಕಂಡರೆ ಮಗುವಿನಂಥ ಮುಖ. ಅನಿರ್ಬಾನ್ ಚಕ್ರವರ್ತಿ ಅದನ್ನು ಮಾಡುವ ಪರಿ ನೋಡಲು ಚೆಂದ. ಹಿಂದಿಗೆ ಹೋದರೆ 1985ರ ದೂರದರ್ಶನದಲ್ಲಿ ಗಜ್ಜರಿ ಕಚ್ಚುತ್ತ ಕೇಸು ಬಿಡಿಸುತ್ತಿದ್ದ ಕರಮ್‌ಚಂದ್ ಇದ್ದ. ನಮ್ಮ ಓರಗೆಯವರಿಗೆ ಗಜ್ಜರಿ ಕಂಡರೆ ಇಂದಿಗೂ ಸಹಾಯಕಿಯನ್ನು ಕಿಟಿ ಎಂದು ಕರೆಯುವ ಆ ದನಿಯೇ ನೆನಪು.

ಇವರೆಲ್ಲ ನನಗೂ ಪ್ರಿಯರೇ. ಆದರೆ ಒಂದು ಸಣ್ಣ ಪ್ರಶ್ನೆ ಕೇಳಿ: ಆ ತಟ್ಟೆ ಎಲ್ಲಿಂದ ಬಂತು? ಫೆಲೂದಾನ ಮನೆಯಲ್ಲಿ ಶ್ರೀನಾಥ ಚಹಾ ತರುತ್ತಾನೆ. ಬ್ಯೋಮಕೇಶನ ಮನೆಯಲ್ಲಿ ಪುಂಟಿರಾಮ ತರುತ್ತಾನೆ. ಅವರು ಎಷ್ಟಕ್ಕೆ ದುಡಿಯುತ್ತಾರೆ, ಅವರ ಊಟ ಯಾವಾಗ, ಹಾಲು ತಂದ ದುಡ್ಡು ಯಾವ ಪುಸ್ತಕದಲ್ಲಿ ಬರೆದಿದೆ ಎಂಬುದು ಬೂದಿಯಿಂದ ಸಿಗರೇಟಿನ ಬ್ರಾಂಡ್ ಹೇಳಬಲ್ಲ ಕಣ್ಣಿಗೂ ಬೀಳುವುದಿಲ್ಲ. ತಿನ್ನುವ ಪತ್ತೇದಾರನಿಗೆ ಊಟ ಅವನ ಅಭಿರುಚಿಯ ಪ್ರಮಾಣಪತ್ರ. ಹಾಗೆ ನೋಡಿದರೆ ನಿಜಕ್ಕೂ ಹಗುರವಾದದ್ದು ಇದು. ಆದರೆ ಭದ್ರಲೋಕದ, ಅಂದರೆ ಬಂಗಾಳದ ಓದಿದ ಮೇಲ್ವರ್ಗದ, ಸೋಫಾದ ಮೇಲೆ ಇದನ್ನು ಶಿಷ್ಟಸಾಹಿತ್ಯ ಎನ್ನುತ್ತಾರೆ. ಕ್ರ್ಯಾಬ್‌ನ ಅಡುಗೆಮನೆಯನ್ನು ಮಾತ್ರ ಹಾಲ್ಕಾ ಎನ್ನುತ್ತಾರೆ.

ಬ್ಯೋಮಕೇಶನನ್ನು ಸೃಷ್ಟಿಸಿದ ಶರದಿಂದು ಬಂದ್ಯೋಪಾಧ್ಯಾಯರ ಮಟ್ಟಿಗೆ ಒಂದು ರಿಯಾಯಿತಿ ಕೊಡಲೇಬೇಕು. ಬ್ಯೋಮಕೇಶ ಮೊದಲ ಸಲ ತನ್ನ ಕತೆ ಹೇಳುವ ಗೆಳೆಯ ಅಜಿತನಿಗೆ ಎದುರಾಗುವ 'ಸತ್ಯಾನ್ವೇಷಿ'ಯಲ್ಲಿ ಕತೆ ನಡೆಯುವುದು ಒಂದು ಮೆಸ್ಸಿನಲ್ಲಿ. ಹೊರಗಿನಿಂದ ಬಂದ ಗುಮಾಸ್ತರು ಬಾಡಿಗೆಗೆ ಇದ್ದು ಒಟ್ಟಿಗೆ ಉಣ್ಣುವ ಕೋಲ್ಕತಾದ ಮೆಸ್ಸು. ಅದನ್ನು ನಡೆಸುವ ಹೋಮಿಯೋಪಥಿ ವೈದ್ಯ ಅನುಕೂಲಬಾಬುವೇ ಎಲ್ಲದರ ಸೂತ್ರಧಾರಿ. ತೊಂಬತ್ತು ವರ್ಷದ ಹಿಂದಿನ ಗುಟ್ಟು ಹೇಳಿದ್ದಕ್ಕೆ ಯಾರೂ ಬೇಸರಿಸುವುದಿಲ್ಲ ಎಂದುಕೊಳ್ಳುತ್ತೇನೆ. ಯಾರು ಎಷ್ಟು ಹೊತ್ತಿಗೆ ಬರುತ್ತಾರೆ, ಯಾರ ಕೋಣೆಯ ದೀಪ ಯಾವಾಗ ಆರುತ್ತದೆ ಎಂಬುದೆಲ್ಲ ಮೆಸ್ಸು ನಡೆಸುವವನಿಗೆ ಗೊತ್ತು. ಊಟ ಹಾಕುವವನ ಕೈಯಲ್ಲಿ ಎಂಥ ಮಾಹಿತಿ, ಎಂಥ ಅಧಿಕಾರ ಸೇರುತ್ತದೆ ಎಂಬುದನ್ನು ಶರದಿಂದು ಕಂಡಿದ್ದರು. ಆದರೆ ಆ ಕಣ್ಣನ್ನು ಅವರು ಅಪರಾಧಿಗೆ ಕೊಟ್ಟರು. ಆಮೇಲೆ ಬ್ಯೋಮಕೇಶ ಹ್ಯಾರಿಸನ್ ರಸ್ತೆಯ ಮನೆಯಲ್ಲಿ ನೆಲೆಸಿದ, ಚಹಾ ತಾನಾಗಿ ಬರತೊಡಗಿತು.

ಬೇಯಿಸುವವರ ಪಂಕ್ತಿ ಚಿಕ್ಕದು. ಕ್ರ್ಯಾಬ್ ಅದರ ಮೊದಲ ಮಣೆಯಲ್ಲಿದ್ದಾನೆ. ಅವನ ಅಡುಗೆಮನೆಯಲ್ಲಿ ಸ್ಟೀವ್ ಎಂಬ ಯುವಕ ಜೈಲಿನಿಂದ ಹೊರಬಂದವನು. ಅವನಿಗೆ ಕೆಲಸ ಕೊಟ್ಟಿರುವುದು ಕರುಣೆಯಷ್ಟೇ ಲೆಕ್ಕಾಚಾರವೂ ಹೌದು, ಏಕೆಂದರೆ ಹುಡುಗನ ಕೈ ಒಳ್ಳೆಯದು. ತರಕಾರಿ ಎಲ್ಲಿಂದ ಬರುತ್ತದೆಂದರೆ ಹೆಂಡರ್ಸನ್ ಎಂಬ ಮಿತಭಾಷಿ ಬೆಳೆಗಾರನಿಂದ. ಮೊಟ್ಟೆ ಹಿತ್ತಲಿನ ಕೋಳಿಗಳದು, ಕ್ರ್ಯಾಬ್ ಅವಕ್ಕೆ ಇಂಗ್ಲಿಷ್ ಸಂಗೀತಗಾರ ಎಲ್ಗರ್‌ನ ಸಂಗೀತ ಕೇಳಿಸುತ್ತಾನೆ. ಎಲ್ಲಕ್ಕಿಂತ ಮುಖ್ಯವಾದವಳು ಹೆಂಡತಿ ಮಾರ್ಗರೆಟ್. ವೃತ್ತಿಯಲ್ಲಿ ಅಕೌಂಟೆಂಟು, ನಾಲಿಗೆಯಲ್ಲಿ ಔದಾಸೀನ್ಯ. ಗಂಡ ಬೆವರು ಸುರಿಸಿ ಮಾಡಿದ್ದರಲ್ಲಿ ಅವಳಿಗೆ ವಿಶೇಷ ಆಸಕ್ತಿಯಿಲ್ಲ, ಅದಕ್ಕೆ ಎಷ್ಟು ಖರ್ಚಾಯಿತು ಎಂಬುದರಲ್ಲಿ ಇದೆ. ಇದನ್ನು ಹಾಸ್ಯಕ್ಕೆಂದು ಸೇರಿಸಿದ ಗುಣ ಎಂದು ಬಹಳ ಮಂದಿ ತಿಳಿಯುತ್ತಾರೆ. ನನ್ನ ಕಣ್ಣಿಗೆ ಇಡೀ ಧಾರಾವಾಹಿಯ ಬೆನ್ನುಮೂಳೆ ಅವಳೇ. ಮ್ಯಾಗಿ ಸ್ಟೀಡ್ ಅವಳ ಪಾತ್ರವನ್ನು ಕಣ್ಣಂಚಿನಲ್ಲೇ ಆಡಿ ತೋರಿಸಿದ್ದಾರೆ. ಪ್ರೀತಿ ಇದೆ, ಸಾಲವೂ ಇದೆ, ಇವೆರಡನ್ನೂ ಒಂದೇ ಪುಸ್ತಕದಲ್ಲಿ ಬರೆಯಬೇಕಾದವಳ ಮುಖ ಅದು.

ನನಗೆ ಈ ಮುಖ ಗೊತ್ತು. ಸಾಗರದಲ್ಲಿ ನನ್ನ ಸೋದರಮಾವನ ಹೋಟೆಲಿತ್ತು, ಎಂಟು ಮೇಜು, ಒಂದು ಗಲ್ಲಾ. ಬೆಳಗಿನ ಜಾವ ನಾಲ್ಕಕ್ಕೆ ಭಟ್ಟರು ಒಲೆ ಹೊತ್ತಿಸಿದರೆ ಐದೂವರೆಗೆ ಮೊದಲ ಇಡ್ಲಿ. ಮಾವ ತಿಂಡಿ ತಿನ್ನುತ್ತಿದ್ದದ್ದು ಹನ್ನೊಂದಕ್ಕೆ, ಅದೂ ನಿಂತುಕೊಂಡು. ಅವರು ಪತ್ತೇದಾರಿ ಕಾದಂಬರಿ ಓದಿದವರಲ್ಲ. ಆದರೆ ಒಂದು ದಿನ ಗಲ್ಲಾದಲ್ಲಿ ಕೂತು ಮೆಲ್ಲಗೆ ಹೇಳಿದ್ದು ನನಗೆ ಇವತ್ತಿಗೂ ಮರೆತಿಲ್ಲ. "ಆ ಮೇಷ್ಟ್ರಿಗೆ ಏನೋ ತೊಂದರೆ ಆಗಿದೆ ಮಾರಾಯ. ಹತ್ತು ವರ್ಷದಿಂದ ಫುಲ್ ಕಾಫಿ ಕುಡಿಯೋರು, ಈ ವಾರ ಬೈ-ಟೂ ಕೇಳ್ತಿದಾರೆ, ಜೊತೆಗೆ ಯಾರೂ ಇಲ್ಲದಿದ್ರೂ." ತಿಂಗಳೊಳಗೆ ಆ ಮೇಷ್ಟ್ರು ಜಾಮೀನು ಹಾಕಿ ಮೋಸಹೋದ ಕತೆ ಊರಿಗೆಲ್ಲ ತಿಳಿಯಿತು. ಮಾವನಿಗೆ ಮೊದಲೇ ತಿಳಿದಿತ್ತು. ಗಲ್ಲಾ ಅಂದರೆ ಅದು.

ಬೇಯಿಸುವ ಪತ್ತೇದಾರ ಕೇಸು ಬಿಡಿಸುವುದು ಈ ಜಾತಿಯ ತಿಳಿವಳಿಕೆಯಿಂದ. ಸರಕು ಎಲ್ಲಿಂದ ಬಂತು, ಯಾರು ಎಷ್ಟು ಉಳಿಸಿದರು, ಯಾವುದು ಹಳಸಿತು, ಬಾಕಿ ಯಾರದು. ಬಾರಾನಗರದಲ್ಲೇ ಇದಕ್ಕೊಂದು ದೊಡ್ಡ ರುಜುವಾತಿದೆ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಬಿ.ಟಿ. ರಸ್ತೆಯಲ್ಲಿ, ಪ್ರಶಾಂತಚಂದ್ರ ಮಹಾಲನೋಬಿಸ್ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಇದೆ. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ 1941ರಲ್ಲಿ ಬಂದು ಸೇರಿ ದಶಕಗಳ ಕಾಲ ದುಡಿದ ಸಂಸ್ಥೆ. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಿಂದಿದ್ದ ತಲೆ ಮಹಾಲನೋಬಿಸ್ ಅವರದು. ದೇಶದ ಬಡತನವನ್ನು ಅಳೆಯಲು ಆ ಸಮೀಕ್ಷೆಯವರು ಹಿಡಿದ ದಾರಿ ಯಾವುದು? ಮನೆಮನೆಗೆ ಹೋಗಿ ಎಷ್ಟು ಅಕ್ಕಿ ತಂದಿರಿ, ಎಷ್ಟು ಬೇಳೆ, ಎಷ್ಟು ಎಣ್ಣೆ ಎಂದು ಕೇಳುವುದು. ಭಾರತದ ಅತಿದೊಡ್ಡ ಪತ್ತೇದಾರಿಕೆ ನಡೆದದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು. ಅದನ್ನು ಯಾರೂ ಹಾಲ್ಕಾ ಎನ್ನಲಿಲ್ಲ.

ಎದುರುಪಕ್ಷಕ್ಕೆ ಹೇಳಲು ಏನೂ ಇಲ್ಲವೆಂದಲ್ಲ. ಈ ಜಾತಿಯ ಧಾರಾವಾಹಿಗಳಲ್ಲಿ ಬಹುಪಾಲು ಸೋಮಾರಿ ಕೆಲಸ. 1997ರಿಂದ ನಡೆಯುತ್ತಲೇ ಇರುವ 'ಮಿಡ್‌ಸಮರ್ ಮರ್ಡರ್ಸ್'ನಲ್ಲಿ ಜಾತ್ರೆ, ಜಾಮು, ಕೇಕು, ಹೆಣ ಎಲ್ಲವೂ ಒಂದೇ ಎರಕದವು. 2011ರಲ್ಲಿ ಅದರ ನಿರ್ಮಾಪಕ ಬ್ರಯನ್ ಟ್ರೂ-ಮೇ, ತಮ್ಮ ಧಾರಾವಾಹಿಯಲ್ಲಿ ಬಿಳಿಯರಲ್ಲದವರು ಇದ್ದರೆ ಅದು ನಡೆಯುವುದಿಲ್ಲ, ಅದು ಇಂಗ್ಲಿಷ್‌ತನದ ಕಡೆಯ ಕೋಟೆ ಎಂಬರ್ಥದ ಮಾತಾಡಿ ಅಮಾನತಾದರು. ಹಿತವಾದ ಊರು ಎಂದರೆ ಯಾರ್ಯಾರನ್ನು ಹೊರಗಿಟ್ಟ ಊರು ಎಂಬುದು ಅವರ ಬಾಯಿಂದಲೇ ಹೊರಬಿತ್ತು. 'ಪೈ ಇನ್ ದ ಸ್ಕೈ' ಕೂಡ ಈ ದೋಷದಿಂದ ಪೂರ್ತಿ ಪಾರಾಗಿಲ್ಲ. ಬೆಲ್ಲಾ ಎನಹೋರೋ ಮಾಡಿದ ಸಾರ್ಜೆಂಟ್ ಕೇಂಬ್ರಿಜ್, ಕಪ್ಪು ವರ್ಣದ ಬುದ್ಧಿವಂತ ಪೊಲೀಸ್ ಅಧಿಕಾರಿ, ತೆರೆಯ ಮೇಲೆ ಇದ್ದಷ್ಟು ಹೊತ್ತೂ ಇನ್ನೂ ಏನೋ ಬರಬೇಕಿತ್ತು ಅನಿಸುತ್ತದೆ. ಕೆಲವು ಕಂತುಗಳ ಕೇಸುಗಳಂತೂ ಉಪ್ಪಿಲ್ಲದ ಗಂಜಿ. ಒಪ್ಪಿದೆ.

ಆದರೆ ಹಗುರ ದನಿ ಎಂದ ಮಾತ್ರಕ್ಕೆ ಸುಳ್ಳು ದನಿ ಆಗುವುದಿಲ್ಲ. ಎಂ.ಸಿ. ಬೀಟನ್ ಅವರ ಅಗಾಥಾ ರೇಸಿನ್ ಕತೆ ಶುರುವಾಗುವುದು 1992ರ ಮೊದಲ ಕಾದಂಬರಿಯಲ್ಲಿ. 2014ರಲ್ಲಿ ಅದು ಟೀವಿಗೂ ಬಂತು. ಲಂಡನ್ನಿನಲ್ಲಿ ಪ್ರಚಾರದ ಕೆಲಸ ಮಾಡಿ ದುಡ್ಡು ಮಾಡಿದ ಹೆಂಗಸು ಚಂದದ ಹಳ್ಳಿಗೆ ಬಂದು ನೆಲೆಸುತ್ತಾಳೆ. ಊರವರೊಡನೆ ಬೆರೆಯಲು ಅಡುಗೆ ಸ್ಪರ್ಧೆಗೆ ಸೇರುತ್ತಾಳೆ. ಅವಳಿಗೆ ಅಡುಗೆ ಬರುವುದಿಲ್ಲ. ಅಂಗಡಿಯಿಂದ ಕ್ವೀಶ್ ಎಂಬ ಮೊಟ್ಟೆಯ ತಿನಿಸು ತಂದು ತನ್ನದೆಂದು ಇಡುತ್ತಾಳೆ. ಅದನ್ನು ತಿಂದ ತೀರ್ಪುಗಾರ ಸಾಯುತ್ತಾನೆ. ಈಗ ಅವಳು ಕೊಲೆಗಾರ್ತಿಯಲ್ಲ ಎಂದು ಸಾಬೀತಾಗಬೇಕಾದರೆ ಅಡುಗೆ ತನ್ನದಲ್ಲ ಎಂದು ಒಪ್ಪಿಕೊಳ್ಳಬೇಕು. ಪರವೂರಿನಲ್ಲಿ ಸಂಸಾರ ಹೂಡಿದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ನಾನು ಬಾರಾನಗರಕ್ಕೆ ಬಂದ ಮೊದಲ ವಿಜಯದಶಮಿಗೆ ಅಂಗಡಿಯ ನಾರ್ಕೇಲ್ ನಾಡು, ಅಂದರೆ ತೆಂಗಿನಕಾಯಿಯ ಉಂಡೆ, ಮನೆಯ ಡಬ್ಬಿಗೆ ಸುರಿದು ಮೇಲಿನ ಮನೆಯ ಬೌದಿಗೆ (ಅತ್ತಿಗೆಗೆ) ಕೊಟ್ಟೆ. ಬೌದಿ ಒಂದು ಕಚ್ಚಿ, ಯಾವ ಅಂಗಡಿಯದು ಎಂದು ಹೆಸರು ಹಿಡಿದು ಹೇಳಿ, ಇನ್ನೊಂದು ತೆಗೆದುಕೊಂಡರು. ಯಾರೂ ಸಾಯಲಿಲ್ಲ, ಅಷ್ಟೇ.

ಇನ್ನು ಕತ್ತಲೆಯನ್ನೇ ಗಾಂಭೀರ್ಯ ಎಂದುಕೊಂಡವರಿಗಾಗಿ ಬಂಗಾಳದಲ್ಲೇ ಒಂದು ಉದಾಹರಣೆ ಇದೆ. ಬಾಂಗ್ಲಾದೇಶದ ಮೊಹಮ್ಮದ್ ನಜೀಮುದ್ದೀನ್ ಅವರ ಕಾದಂಬರಿಯನ್ನು ಆಧರಿಸಿ ಸೃಜಿತ್ ಮುಖರ್ಜಿ 2021ರಲ್ಲಿ ತೆಗೆದ ಸರಣಿಯ ಹೆಸರೇ 'ರವೀಂದ್ರನಾಥರು ಇಲ್ಲಿ ಎಂದೂ ಊಟಕ್ಕೆ ಬರಲಿಲ್ಲ' ಎಂಬರ್ಥದ್ದು. ಅದು ಸುಂದರಪುರ ಎಂಬ ಊರಿನ ಒಂದು ಹೋಟೆಲಿನ ಹೆಸರೂ ಹೌದು. ಒಡತಿ ಮುಸ್ಕಾನ್ ಜುಬೇರಿಯ ಪಾತ್ರದಲ್ಲಿ ಅಜ್ಮೇರಿ ಹಕ್ ಬಾಂಧನ್ ಕಣ್ಣು ಕೀಳದಂತೆ ನೋಡಿಸಿಕೊಳ್ಳುತ್ತಾರೆ. ರುಚಿಯ ಹಿಂದೆ ರಹಸ್ಯ, ರಹಸ್ಯದ ಹಿಂದೆ ಮೈ ಜುಮ್ಮೆನ್ನಿಸುವ ಸಂಗತಿ. ವಿಮರ್ಶಕರು ಇದನ್ನು ಹಾಲ್ಕಾ ಎನ್ನಲಾರರು. ಆದರೆ ಆ ಹೋಟೆಲಿನಲ್ಲಿ ಕುಳಿತು ನನಗೆ ಒಮ್ಮೆಯೂ ಮಾವನ ಹೋಟೆಲು ನೆನಪಾಗಲಿಲ್ಲ. ಅಲ್ಲಿ ಊಟಕ್ಕೆ ಮಾಯೆ ಇದೆ, ಬೆಲೆ ಇಲ್ಲ. ಮೆಣಸಿನಕಾಯಿಯ ದರ ಏರಿದರೆ ಆ ಒಡತಿಗೆ ಏನಾಗುತ್ತದೆ? ಏನೂ ಆಗುವುದಿಲ್ಲ. ಕ್ರ್ಯಾಬ್‌ಗೆ ಆಗುತ್ತದೆ. ಹೋಲಿಸಿ ನೋಡಿದರೆ ಎರಡರಲ್ಲಿ ಬದುಕಿನ ಭಾರ ಹೊತ್ತದ್ದು ಕೋಳಿಗಳಿಗೆ ಸಂಗೀತ ಕೇಳಿಸುವ ದಡೂತಿ ಮನುಷ್ಯನ ಕತೆಯೇ.

ಕನ್ನಡದಲ್ಲಿ ಇಂಥದೊಂದು ಪಾತ್ರ ನಮ್ಮ ನಾಡಿನ ಎಲ್ಲರಿಗೂ ಗೊತ್ತಿರುವ ಹೆಸರಾಗಬೇಕಿತ್ತು. ದೇಶಕ್ಕೆಲ್ಲ ಹೋಟೆಲು ಕಟ್ಟಿಕೊಟ್ಟವರು ನಾವು. ಉಡುಪಿ ಎಂಬ ಊರಿನ ಹೆಸರು ಬೋರ್ಡಾಗಿ ಎಲ್ಲಿಲ್ಲ ಹೇಳಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಹಿಡಿದು 2019ರ 'ಬೆಲ್ ಬಾಟಂ' ಸಿನಿಮಾದ ಡಿಟೆಕ್ಟಿವ್ ದಿವಾಕರನ ತನಕ ಪತ್ತೇದಾರರೂ ನಮಗೆ ಇದ್ದಾರೆ. ಹೋಟೆಲಿನವನನ್ನೂ ಪತ್ತೇದಾರನನ್ನೂ ಒಂದೇ ಗಲ್ಲಾದ ಹಿಂದೆ ಕೂರಿಸುವ ಕೆಲಸ ಮಾತ್ರ ಬಾಕಿ. ವಸ್ತುವಿಗೇನೂ ಬರವಿಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಮಯ್ಯ ಸೋದರರು ಶುರುಮಾಡಿದ ಎಂಟಿಆರ್‌ನ ಕತೆಯಲ್ಲಿ ಒಂದು ಅಧ್ಯಾಯ ಇದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲಿನ ತಿಂಡಿಗಳ ಬೆಲೆ ಇಳಿಸಲು ಹೇಳಿತು. ತುಪ್ಪದಲ್ಲಿ, ಬೇಳೆಯಲ್ಲಿ ಕೈ ಬಿಗಿಹಿಡಿದರೆ ಬೆಲೆ ಹೊಂದಿಸಬಹುದಿತ್ತು. ಎಂಟಿಆರ್‌ನವರು ಹಾಗೆ ಮಾಡಲಿಲ್ಲ. ಅದೇ ಗುಣಮಟ್ಟ, ಸರ್ಕಾರ ಹೇಳಿದ ಬೆಲೆ, ದಿನದಿನದ ನಷ್ಟ ಎಷ್ಟೆಂದು ಬೋರ್ಡಿನ ಮೇಲೆ ಬರೆದು ಹೊರಗಿಟ್ಟರು. ಕಡೆಗೆ ಬಾಗಿಲು ಹಾಕಿದರು, ಕೆಲಸದವರಿಗೆ ದಾರಿಯಾಗಲೆಂದು ಪುಡಿ, ಮಿಕ್ಸುಗಳ ವ್ಯಾಪಾರಕ್ಕೆ ಇಳಿದರು.

ಆ ಬೋರ್ಡಿನ ಬಗ್ಗೆ ಯೋಚಿಸಿ. ಪತ್ರಿಕೆಗಳ ಮೇಲೆ ಸೆನ್ಸಾರು ಇದ್ದ ಹೊತ್ತು. ಮಸಾಲೆದೋಸೆ ತಿನ್ನಲು ಬಂದವನು ಬಾಗಿಲಲ್ಲಿ ಒಂದು ಸಂಖ್ಯೆ ಓದುತ್ತಾನೆ. ಒಳಗೆ ಹೋಗಿ ತಿನ್ನುತ್ತಾನೆ, ತಾನು ತಿಂದದ್ದು ಯಾರ ಗಂಟು ಎಂದು ಅವನಿಗೆ ಗೊತ್ತಿದೆ. ಯಾವ ಪತ್ತೇದಾರಿ ಕಾದಂಬರಿಯ ಕಡೆಯ ಪುಟದಲ್ಲಿ ಅಪರಾಧಿಯನ್ನು ಇಷ್ಟು ಸಪ್ಪಳವಿಲ್ಲದೆ ತೋರಿಸಿಕೊಟ್ಟಿದ್ದಾರೆ? ಮಾರ್ಗರೆಟ್ ಕ್ರ್ಯಾಬ್‌ಗೆ ಅದು ಥಟ್ಟನೆ ಅರ್ಥವಾಗುತ್ತಿತ್ತು.

ಈ ವಾದವನ್ನೆಲ್ಲ ಮೇಸೋಮಶಾಯ್ ಎದುರು ಹರಡಿದೆ. ಅವರು ಒಪ್ಪಲಿಲ್ಲ. ಫೆಲೂದಾ ಫೆಲೂದಾನೇ ಎಂದರು. ಆದರೂ ಹಟಕ್ಕೆ ಬಿದ್ದು ಕಳೆದ ಭಾನುವಾರ ಲ್ಯಾಪ್‌ಟಾಪ್ ಒಯ್ದು 'ಪೈ ಇನ್ ದ ಸ್ಕೈ'ನ ಮೊದಲ ಕಂತು ಹಾಕಿ ಕೂರಿಸಿದೆ. ಮೇಸೋಮಶಾಯ್ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ನಿವೃತ್ತಿಯ ನಂತರ ಒಂದು ಸಹಿಗಾಗಿ ಹದಿನಾಲ್ಕು ತಿಂಗಳು ಅದೇ ಕಚೇರಿಯ ಬೆಂಚಿನ ಮೇಲೆ ಕೂತವರು. ಕೊಲೆ, ಕಳ್ಳತನ, ಪೈ, ಕೋಳಿ ಯಾವುದಕ್ಕೂ ತುಟಿ ಬಿಚ್ಚಲಿಲ್ಲ. ಫಿಶರ್ ತೆರೆಯ ಮೇಲೆ ಬಂದಾಗ ಮಾತ್ರ ದಿಂಬು ಬಿಟ್ಟು ನೆಟ್ಟಗೆ ಕೂತರು. ಕಂತು ಮುಗಿಯಿತು. ಅವರ ಹೆಂಡತಿ ಮಾಸಿಮಾ ಚಹಾ ತಂದಿಟ್ಟರು. ಲೋಟ ಕೈಗೆತ್ತಿಕೊಂಡವರು ಬಹಳ ಹೊತ್ತು ಬಿಟ್ಟು ಕೇಳಿದರು:

"ಅವನ ಪೆನ್ಷನ್ ಕಡೆಗೂ ಮಂಜೂರಾಯ್ತಾ?"

"ನೋಡ್ತಾ ಹೋಗಿ ಮೇಸೋಮಶಾಯ್," ಅಂದೆ, "ಇನ್ನೂ ಮೂವತ್ತೊಂಬತ್ತು ಕಂತು ಇದೆ."